ದೊಡ್ಡಕ್ಕನ ಕೈಗುಣ

ದೊಡ್ಡಕ್ಕ ಎಂದರೆ ಅವಳು ಯಾರ ಮನೆಯ ದೊಡ್ಡಕ್ಕನೂ ಅಲ್ಲ. ತವರಿನಲ್ಲಿ ಅವಳೇ ಕಡೆಯವಳು. ಮೂವತ್ತೊಂದನೇ ವಯಸ್ಸಿನಲ್ಲಿ ಅವಳು ವಿಶ್ವವಿದ್ಯಾಲಯದ ಲ್ಯಾಬ್ ಟೆಕ್ನಾಲಜಿ ತರಗತಿಯ ಬಾಗಿಲಲ್ಲಿ ಹೋಗಿ ನಿಂತಾಗ, ಒಳಗಿದ್ದ ಹದಿನೆಂಟರ ಹುಡುಗ ಹುಡುಗಿಯರೆಲ್ಲ ಪಾಠ ಮಾಡುವ ಮೇಡಂ ಬಂದರೆಂದು ದಡಬಡ ಎದ್ದು ನಿಂತರು. ಅವಳು ನಾಚಿಕೊಂಡು ಕಡೆಯ ಬೆಂಚಿಗೆ ಹೋಗಿ ಕೂತಳು. ನಿಂತವರಿಗೆ ಕೂರಬೇಕೋ ಬೇಡವೋ ಗೊತ್ತಾಗಲಿಲ್ಲ. ಅವತ್ತೇ ಯಾರೋ ತುಂಟ ಅವಳಿಗೆ ದೊಡ್ಡಕ್ಕ ಎಂದು ಹೆಸರಿಟ್ಟ. ಆ ತುಂಟ ಪಾಸಾಗಿ, ಕೆಲಸ ಹಿಡಿದು, ಮದುವೆಯಾಗಿ, ಮಗುವನ್ನೂ ಕಂಡ. ದೊಡ್ಡಕ್ಕ ಮಾತ್ರ ಇನ್ನೂ ಅದೇ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

ಓದುವುದಕ್ಕೆ ವಯಸ್ಸಿಲ್ಲ ಎಂದು ಭಾಷಣದಲ್ಲಿ ಹೇಳುವವರಿದ್ದಾರಲ್ಲ, ಅವರನ್ನೆಲ್ಲ ಹಿಡಿದು ತಂದು, ಎಂಟು ತಾಸು ತರಗತಿ, ಲ್ಯಾಬು ಎಂದು ಓಡಾಡಿಸಿ, ಮನೆಗೆ ಹೋಗಿ ಅಡುಗೆ ಮಾಡಿಸಿ, ಆಮೇಲೆ ಬಯೋಕೆಮಿಸ್ಟ್ರಿ ಪುಸ್ತಕವನ್ನು ಕೈಗೆ ಕೊಡಬೇಕು. ಮೂರನೇ ಪುಟಕ್ಕೆ ಅವರ ಭಾಷಣ ಬೇರೆಯಾಗುತ್ತದೆ. ದೊಡ್ಡಕ್ಕನ ಕೋರ್ಸು ನಾಲ್ಕು ವರ್ಷದ್ದು. ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ. ಸೇರಿದ ದಿನದಿಂದ ಏಳು ವರ್ಷದೊಳಗೆ ಮುಗಿಸದಿದ್ದರೆ ಹೆಸರು ಕಿತ್ತುಹಾಕುತ್ತಾರೆ, ಅದು ವಿಶ್ವವಿದ್ಯಾಲಯದ ನಿಯಮ. ಮೊದಲ ವರ್ಷ ಅಂಗರಚನೆಯಲ್ಲಿ ಒಂದು ಸಲ ಫೇಲಾದಳು, ಎರಡನೇ ವರ್ಷ ಬಯೋಕೆಮಿಸ್ಟ್ರಿಯಲ್ಲಿ ಎರಡು ಸಲ. ಮೂರು ವರ್ಷ ಹಾಗೇ ಕೈಬಿಟ್ಟು ಹೋದವು. ಈ ಕತೆ ನಡೆಯುವಾಗ ಅವಳ ಏಳು ವರ್ಷದಲ್ಲಿ ಉಳಿದಿದ್ದುದು ಎರಡೇ ತಿಂಗಳು. ತರಬೇತಿಯೂ ಎರಡೇ ತಿಂಗಳು ಬಾಕಿ. ಒಂದು ವಾರ ಜ್ವರ ಬಂದು ಮಲಗುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಅವಳನ್ನು ಈ ದಾರಿಗೆ ತಂದವರು ಲ್ಯಾಬಿನ ಇನ್‌ಚಾರ್ಜ್ ಮೇಡಂ. ಓದಲು ಸೇರುವ ಮುಂಚೆ ದೊಡ್ಡಕ್ಕ ಹನ್ನೊಂದು ವರ್ಷ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಿದ್ದಳು. ಹತ್ತನೇ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ, ಗಂಡನ ಹೊಲಿಗೆ ಯಂತ್ರವೊಂದರಿಂದ ಮನೆ ನಡೆಯುವುದಿಲ್ಲವೆಂದು ಸೇರಿಕೊಂಡ ಕೆಲಸ. ಆದರೆ ಅವಳ ಬೆರಳಿಗೆ ಒಂದು ಗುಣವಿತ್ತು. ಯಾರ ಮೊಣಕೈಯ ಮಡಿಕೆಯನ್ನೇ ಆಗಲಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ನರ ಎಲ್ಲಿದೆ, ಎಷ್ಟು ಆಳದಲ್ಲಿದೆ, ಸೂಜಿ ಕಂಡರೆ ಯಾವ ಕಡೆ ಜಾರುತ್ತದೆ ಎಂಬುದೆಲ್ಲ ಅವಳಿಗೆ ತಿಳಿಯುತ್ತಿತ್ತು. ಟೆಕ್ನಿಷಿಯನ್ನರು ಸೋತಾಗ ಗುಟ್ಟಾಗಿ ಕರೆಯುತ್ತಿದ್ದರು. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು, ಬೆರಳಿಟ್ಟು, "ಇಲ್ಲಿದೆ ನೋಡಿ ಸಾರ್" ಎಂದು ತೋರಿಸಿ, ಮತ್ತೆ ನಲ್ಲಿಯ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಒಮ್ಮೆ ವಾಂತಿ ಭೇದಿಯಿಂದ ಒಣಗಿಹೋದ ಮಗುವೊಂದಕ್ಕೆ ಮೂರು ಜನ ಏಳು ಕಡೆ ಚುಚ್ಚಿ ಕೈಚೆಲ್ಲಿದಾಗ, ದೊಡ್ಡಕ್ಕ ಪಾದದ ಪಕ್ಕದಲ್ಲಿ ಕೂದಲೆಳೆಯಂಥ ನರವೊಂದನ್ನು ಹುಡುಕಿಕೊಟ್ಟಳು. ಅವತ್ತು ಮೇಡಂ ಅವಳನ್ನು ಒಳಗೆ ಕರೆದು, "ಈ ಕೈಗುಣ ಇಟ್ಕೊಂಡು ಬಾಟ್ಲಿ ತೊಳೀತಿದ್ದೀಯಲ್ಲೇ, ನಾಚಿಕೆ ಆಗಲ್ವಾ? ಓದು" ಎಂದು ಗದರಿದರು. ಬೈದವರೇ ಪಿಯುಸಿಗೆ ಖಾಸಗಿಯಾಗಿ ಕಟ್ಟಿಸಿದರು. ಅವರೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಓದಲು ಹೋಗುವವಳಿಗೆ ಬಾಟಲಿಯ ಕೆಲಸ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವಳು ಅದನ್ನು ಬಿಟ್ಟ ಮರುದಿನವೇ ಆ ಜಾಗಕ್ಕೆ ಬೇರೊಬ್ಬಳು ಬಂದಳು.

ಗಂಡ ದರ್ಜಿ. ಮಾತಿನಲ್ಲೂ ಕತ್ತರಿ ಆಡಿಸುವವನು. ಅವಳ ಬಿಳಿ ಕೋಟನ್ನು ತಾನೇ ಹೊಲಿದು, ಒಳಗಡೆ ಒಂದು ಇಂಚು ಬಟ್ಟೆ ಹೆಚ್ಚಿಗೆ ಮಡಿಚಿಟ್ಟಿದ್ದ. "ಓದಿ ಮುಗಿಸೋ ಹೊತ್ತಿಗೆ ದಪ್ಪ ಆಗಿರ್ತೀಯ, ಆಗ ಬಿಚ್ಚೋಣ" ಎಂದಿದ್ದ. ಅವಳು ಅಡುಗೆ ಮಾಡುವಾಗ ಯಂತ್ರದ ಮುಂದೆ ಕೂತು, ಅರ್ಥವಾಗದ ಇಂಗ್ಲಿಷ್ ನೋಟ್ಸನ್ನು ತನಗೆ ಬಂದಂತೆ ಕೂಡಿಸಿಕೊಂಡು ಓದಿ ಹೇಳುತ್ತಿದ್ದ. ಫೇಲಾದಾಗಲೆಲ್ಲ ಒಂದೇ ಮಾತು: "ಅಳತೆ ತಪ್ಪಿದೆ ಅಷ್ಟೆ, ಬಟ್ಟೆ ಹಾಳಾಗಿಲ್ಲ." ಏಳು ವರ್ಷ ಆ ಮನೆಗೆ ಒಂದೇ ಒಂದು ಜೋಡಿ ಕೈಯ ದುಡಿಮೆ. ಅವನ ಬೆನ್ನು ಯಂತ್ರದ ಆಕಾರಕ್ಕೇ ಬಾಗಿಕೊಂಡಿತ್ತು. ದೊಡ್ಡಕ್ಕ ಅದನ್ನು ದಿನಾ ನೋಡುತ್ತಿದ್ದಳು.

ಇನ್ನು ಗುಬ್ಬಿಯ ವಿಷಯ. ಗುಬ್ಬಿ ಎಂದರೆ ದೊಡ್ಡಕ್ಕನ ಜೊತೆಯಲ್ಲೇ ತರಬೇತಿಗೆ ಬಂದಿದ್ದ ಇಪ್ಪತ್ತೆರಡರ ಹುಡುಗಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗದಷ್ಟು ಪುಟ್ಟವಳು, ಬಾಯಿ ಮಾತ್ರ ಊರಗಲ. ಪುಸ್ತಕದ ವಿದ್ಯೆಯಲ್ಲಿ ಅವಳದು ಎತ್ತಿದ ಕೈ. ಆದರೆ ಸೂಜಿ ಹಿಡಿದರೆ ಅದೇ ಕೈ ಗಡಗಡ ನಡುಗುತ್ತಿತ್ತು. ಮೊದಲ ವಾರ ಅವಳು ಚುಚ್ಚಿದ ಆನೆಯಂಥ ಗಂಡಸೊಬ್ಬ ರಕ್ತ ಕಂಡು ತಲೆಸುತ್ತಿ, ಸ್ಟೂಲಿನಿಂದ ಉರುಳಿ, ಹುಬ್ಬು ಒಡೆದುಕೊಂಡಿದ್ದ. ಆವತ್ತಿನಿಂದ ಹೀಗೆ. ತರಬೇತಿ ಮುಗಿಯಬೇಕಾದರೆ ಪ್ರತಿಯೊಬ್ಬರೂ ಸ್ವಂತ ಕೈಯಿಂದ ಇನ್ನೂರು ಜನರ ರಕ್ತ ತೆಗೆದಿರಬೇಕು. ಟ್ಯೂಬಿನ ಚೀಟಿಯ ಮೇಲೆ ತೆಗೆದವರ ನಂಬರು ಹಾಕಬೇಕು. ಗುಬ್ಬಿಯ ನಂಬರು ಹದಿನಾಲ್ಕು, ದೊಡ್ಡಕ್ಕನದು ಮೂವತ್ತೊಂದು.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಅದರ ಬೇರು ಗುಬ್ಬಿ ಎರಡನೇ ವರ್ಷದಲ್ಲಿದ್ದಾಗಿನದು. ಬಯೋಕೆಮಿಸ್ಟ್ರಿಯ ಮೂರನೇ ಪರೀಕ್ಷೆಗೆ ದೊಡ್ಡಕ್ಕನನ್ನು ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ದಿನಾ ಮಧ್ಯಾಹ್ನ ಪಾಠ ಮಾಡಿದವಳು ಈ ಗುಬ್ಬಿ. ಯಕೃತ್ತಿನ ಕೆಲಸವನ್ನು ಅತ್ತೆ ಸೊಸೆ ಜಗಳ ಮಾಡಿ ಹೇಳಿಕೊಟ್ಟವಳು. ಅವಳಿಲ್ಲದಿದ್ದರೆ ದೊಡ್ಡಕ್ಕ ಆ ಪರೀಕ್ಷೆಯಲ್ಲಿ ಮುಳುಗಿಯೇ ಹೋಗುತ್ತಿದ್ದಳು. ಹಾಗಾಗಿ ತರಬೇತಿಗೆ ಬಂದ ಮೇಲೆ ಗುಬ್ಬಿಯ ಕೈ ನಡುಗುವುದನ್ನು ನೋಡಿ ದೊಡ್ಡಕ್ಕ ತಾನಾಗಿಯೇ, "ನೀನು ಆ ಕಡೆ ತಿರುಗ್ಕೋ, ನಾನು ತೆಗೆದು ನಿನ್ನ ನಂಬರ್ ಹಾಕ್ತೀನಿ" ಎಂದಳು. ಒಂದು ಹೋಗಿ ಹತ್ತಾಯಿತು, ಹತ್ತು ಹೋಗಿ ನೂರಾಯಿತು. ಹದಿನಾಲ್ಕನೇ ನಂಬರಿನ ಚೀಟಿ ಹೊತ್ತ ಟ್ಯೂಬುಗಳಲ್ಲಿ ಮುಕ್ಕಾಲು ಪಾಲು ದೊಡ್ಡಕ್ಕನ ಕೈಯವು. ಉಪಕಾರ ತೀರಿಸುತ್ತಿದ್ದೇನೆಂದು ಅವಳು ತಿಳಿದಿದ್ದಳು. ಹುಡುಗಿಯ ಕಲಿಕೆಗೇ ಕಲ್ಲು ಹಾಕುತ್ತಿದ್ದೇನೆಂಬುದು ಅವಳ ತಲೆಗೆ ಹೋಗಲೇ ಇಲ್ಲ.

ಆ ದಿನ ಬೆಳಿಗ್ಗೆ ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಒಬ್ಬ ಅಜ್ಜಿ. ಎರಡು ದಿನದಿಂದ ಸುಸ್ತು, ಮುಖ ಕಾಲು ಊತ. ಮೂತ್ರಪಿಂಡದ ಪರೀಕ್ಷೆಗೆ ರಕ್ತ ಬೇಕೆಂದು ಡಾಕ್ಟರು ಬರೆದಿದ್ದರು. ಸರದಿ ಗುಬ್ಬಿಯದು. ಗುಬ್ಬಿ ಕೆಳಗೆ ರಿಜಿಸ್ಟರ್ ಬರೆಯುತ್ತ ಕೂತಿದ್ದಳು. ದೊಡ್ಡಕ್ಕ ಹದಿನಾಲ್ಕರ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಮೇಲೆ ಬಂದಿದ್ದಳು. ಅಜ್ಜಿಯ ಕೈ ಊದಿಕೊಂಡಿತ್ತು, ಕಣ್ಣಿಗೆ ಒಂದು ನರವೂ ಕಾಣುತ್ತಿರಲಿಲ್ಲ. "ನಿನ್ನೆ ಯಾರೋ ಬಂದು ಎಡಗೈ ಎಲ್ಲ ಜಾಲಾಡಿಬಿಟ್ರು ಕಣವ್ವ, ನೀನಾದ್ರೂ ಕರುಣೆ ಇಟ್ಟು ಒಂದೇ ಸಲ ಚುಚ್ಚು" ಎಂದು ಅಜ್ಜಿ ಮೊದಲೇ ಕಣ್ಣೀರು ಹಾಕಿಕೊಂಡಿತು. ದೊಡ್ಡಕ್ಕ ಬಲಗೈಗೆ ಬೆರಳಿಟ್ಟಳು. ಒಂದೇ ಸಲಕ್ಕೆ ನರ ಸಿಕ್ಕಿತು. ಮೊದಲು ಕೆಂಪು ಮುಚ್ಚಳದ ಟ್ಯೂಬು, ಆಮೇಲೆ ನೇರಳೆ ಮುಚ್ಚಳದ್ದು, ಇದು ಎಲ್ಲ ಕಡೆಯ ಕ್ರಮ. ಆದರೆ ಅಜ್ಜಿ ಕೈ ಅಲುಗಿಸಿದ ಗಡಿಬಿಡಿಯಲ್ಲಿ ಅವಳ ಕೈಗೆ ನೇರಳೆಯೇ ಮೊದಲು ಬಂತು. ಅದು ತುಂಬಿತು. ಕೆಂಪಿನದು ಕಾಲು ಭಾಗ ಆಗುವಷ್ಟರಲ್ಲಿ ನರ ಕುಸಿದು ರಕ್ತ ನಿಂತುಹೋಯಿತು.

ಇನ್ನೊಮ್ಮೆ ಚುಚ್ಚಬೇಕಿತ್ತು. ಅಜ್ಜಿ, "ಆಯ್ತಾ ಮಗಾ? ಆಯ್ತಾ?" ಎಂದು ಮಗುವಿನ ಹಾಗೆ ಕೇಳಿತು. ದೊಡ್ಡಕ್ಕ "ಆಯ್ತು ಅಜ್ಜಿ" ಎಂದುಬಿಟ್ಟಳು. ಎರಡೂ ಮುಚ್ಚಳ ತೆಗೆದು, ನೇರಳೆ ಟ್ಯೂಬಿನಿಂದ ಒಂದಿಷ್ಟನ್ನು ಕೆಂಪು ಟ್ಯೂಬಿಗೆ ಸುರಿದು, ಅಳತೆ ಸರಿಮಾಡಿ ಮುಚ್ಚಿದಳು. ಒಂದೇ ಅಜ್ಜಿ, ಒಂದೇ ಕೈ, ಒಂದೇ ರಕ್ತ. ಹನ್ನೊಂದು ವರ್ಷ ಬಾಟಲಿ ತೊಳೆದ ಬುದ್ಧಿ ಹಾಗೆ ಹೇಳಿತು.

ಕಾಲೇಜಿನ ಬುದ್ಧಿಗೆ ಬೇರೆಯೇ ಗೊತ್ತಿತ್ತು. ನೇರಳೆ ಮುಚ್ಚಳದ ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಉಪ್ಪು ಸವರಿರುತ್ತಾರೆ. ಆ ಉಪ್ಪಿನಲ್ಲಿ ಪೊಟ್ಯಾಷಿಯಂ ಇರುತ್ತದೆ. ಅದರ ಒಂದೆರಡು ಹನಿ ಕೆಂಪು ಟ್ಯೂಬಿಗೆ ಬಿದ್ದರೂ ಯಂತ್ರ ಸುಳ್ಳು ಲೆಕ್ಕ ಹೇಳುತ್ತದೆ. ಈ ಪಾಠವನ್ನು ಗುಬ್ಬಿ ಮೆಟ್ಟಿಲ ಮೇಲೆ ಮೂರು ಸಲ ಮಾಡಿದ್ದಳು. ದೊಡ್ಡಕ್ಕ ಪರೀಕ್ಷೆಯಲ್ಲಿ ಬರೆದು ಐದಕ್ಕೆ ಐದು ತೆಗೆದುಕೊಂಡಿದ್ದಳು. ಬರೆದ ಕೈಯೇ ಸುರಿಯಿತು.

ಮುಕ್ಕಾಲು ಗಂಟೆಯ ಮೇಲೆ ಯಂತ್ರದ ಮುಂದಿದ್ದ ಮೀಸೆಯ ಟೆಕ್ನಿಷಿಯನ್, "ಅಯ್ಯೋ, ಇದೇನ್ರೀ ಇದು!" ಎಂದು ಕೂಗಿಕೊಂಡ. "ಪೊಟ್ಯಾಷಿಯಂ ಹನ್ನೊಂದೂವರೆ! ಐದು ದಾಟಿದ್ರೇನೇ ಗಾಬರಿ, ಇದು ಬದುಕಿರೋರ ರಕ್ತನಾ?" ಮತ್ತೊಮ್ಮೆ ಯಂತ್ರಕ್ಕೆ ಹಾಕಿದ, ಮತ್ತೆ ಅಷ್ಟೇ. ಮೇಡಂ ಮೀಟಿಂಗಿನಲ್ಲಿದ್ದರು. ಇಂಥ ಲೆಕ್ಕ ಬಂದರೆ ಕಾಯದೆ ವಾರ್ಡಿಗೆ ತಿಳಿಸಬೇಕು. ಅವನು ಫೋನೆತ್ತಿದ. ಅಷ್ಟು ಪೊಟ್ಯಾಷಿಯಂ ಇದ್ದರೆ ಯಾವ ಕ್ಷಣದಲ್ಲಾದರೂ ಎದೆ ನಿಂತುಹೋಗಬಹುದು. ಅದನ್ನು ಇಳಿಸುವ ಇಂಜೆಕ್ಷನ್ ಕೂಡಲೇ ಕೊಡುತ್ತಾರೆ. ನಿಜವಾಗಿ ಇಲ್ಲದವರಿಗೆ ಅದೇ ಇಂಜೆಕ್ಷನ್ ಕೊಟ್ಟರೆ ಆಗಲೂ ಎದೆ ನಿಲ್ಲಬಹುದು.

ಚೀಟಿ ಅಂಟಿಸುತ್ತಿದ್ದ ದೊಡ್ಡಕ್ಕ ಕೈಯಲ್ಲಿದ್ದುದನ್ನು ಬಿಟ್ಟು ಎದ್ದಳು. ಮಾತು ಹೊರಡಲಿಲ್ಲ. ಕಾಲು ಮಾತ್ರ ಹೊರಟವು. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದಳು. ಅವಳು ವಾರ್ಡಿನ ಬಾಗಿಲಿಗೆ ಬರುವಾಗ ನರ್ಸಮ್ಮ ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿ ತೆಗೆಯುತ್ತಿದ್ದಳು. "ಸಿಸ್ಟರ್, ಬೇಡ! ಕೊಡಬೇಡಿ! ಸ್ಯಾಂಪಲ್ ತಪ್ಪಾಗಿದೆ!" ಎಂದು ದೊಡ್ಡಕ್ಕ ಕಿರುಚಿದ ದನಿಗೆ ಇಡೀ ವಾರ್ಡು ಎದ್ದು ಕೂತಿತು.

"ತಪ್ಪಾಗಿದೆ ಅಂತ ಯಾರಂದ್ರು?" ಎಂದರು ಡಾಕ್ಟರು.

"ಲ್ಯಾಬಲ್ಲಿ... ಲ್ಯಾಬಿಂದ ಹೇಳಿ ಕಳಿಸಿದ್ರು ಸಾರ್. ಬೇರೆ ರಕ್ತ ತೆಗೀಬೇಕಂತೆ."

ಡಾಕ್ಟರ ಮುಂದೆ ಅವಳು ಹೇಳಿದ ಮೊದಲ ಸುಳ್ಳು ಅದು. ಆ ಹೊತ್ತಿಗೆ ಅದು ಸುಳ್ಳೆಂದೂ ಅವಳಿಗೆ ಅನಿಸಲಿಲ್ಲ. ನರ್ಸಮ್ಮ ಅಜ್ಜಿಯ ಎಡಗೈಯಿಂದ ಮತ್ತೆ ರಕ್ತ ತೆಗೆದಳು, ಅಜ್ಜಿ ಅತ್ತಿತು. ಉಳಿಸಬೇಕೆಂದಿದ್ದ ನೋವನ್ನು ಅಜ್ಜಿ ಹೇಗೂ ತಿಂದಿತು. ಎರಡನೇ ಸಲ ಪೊಟ್ಯಾಷಿಯಂ ನಾಲ್ಕೂಕಾಲು ಬಂತು, ನನಗೂ ನಿಮಗೂ ಇರುವಷ್ಟೇ.

ಮಧ್ಯಾಹ್ನ ಮೇಡಂ ತರಬೇತಿಯ ಆರೂ ಜನರನ್ನು ಸಾಲಾಗಿ ನಿಲ್ಲಿಸಿದರು. ಕೈಯಲ್ಲಿ ಅದೇ ಕೆಂಪು ಟ್ಯೂಬು. "ನೇರಳೆದು ಕೆಂಪಿಗೆ ಸುರಿದಿರೋದು ಯಾರು? ಇದರ ಮೇಲೆ ಹದಿನಾಲ್ಕು ಅಂತಿದೆ."

ಗುಬ್ಬಿಗೆ ತಲೆಬುಡ ತಿಳಿಯದು. ಅವಳು ಅಂದು ಮೂರನೇ ಮಹಡಿಯ ಮುಖವನ್ನೇ ನೋಡಿರಲಿಲ್ಲ. ಮೆಲ್ಲಗೆ ದೊಡ್ಡಕ್ಕನ ಕಡೆ ತಿರುಗಿದಳು. ದೊಡ್ಡಕ್ಕ ನೆಲ ನೋಡುತ್ತಿದ್ದಳು. ನೆಲದಲ್ಲಿ ಬಿಳಿ ಟೈಲ್ಸು, ಎರಡು ಟೈಲ್ಸಿನ ನಡುವೆ ಕಪ್ಪು ಗೆರೆ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಇಂಥ ತಪ್ಪಿಗೆ ಶಿಕ್ಷೆ ಎಲ್ಲರಿಗೂ ಗೊತ್ತಿತ್ತು: ತರಬೇತಿಯ ಆರು ತಿಂಗಳು ರದ್ದು, ಇನ್ನೂರರ ಲೆಕ್ಕ ಮತ್ತೆ ಮೊದಲಿಂದ. ಗುಬ್ಬಿಗೆ ಆರು ತಿಂಗಳೆಂದರೆ ಆರು ತಿಂಗಳು. ದೊಡ್ಡಕ್ಕನಿಗೆ ಉಳಿದಿರುವುದೇ ಎರಡು. ಗಂಡನ ಬಾಗಿದ ಬೆನ್ನು ಅವಳ ಕಣ್ಣಿಗೆ ಬಂತು. ಅವಳು ಕಪ್ಪು ಗೆರೆಗಳನ್ನು ಎಣಿಸತೊಡಗಿದಳು.

"ನಾನೇ ಮೇಡಂ" ಎಂದಳು ಗುಬ್ಬಿ.

ಆಮೇಲೆ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಗುಬ್ಬಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ದೊಡ್ಡಕ್ಕ ಎದುರಿಗೆ ನಿಂತಳು, ಕೂರಲು ಧೈರ್ಯ ಬರಲಿಲ್ಲ.

"ಯಾಕೆ ಒಪ್ಕೊಂಡೆ?"

"ಮತ್ತೇನ್ ಮಾಡ್ಲಿ ದೊಡ್ಡಕ್ಕ? ನಾನಲ್ಲ ಅಂದ್ರೆ ಯಾರು ಅಂತ ಕೇಳ್ತಿದ್ರು. ನನಗೆ ಆರು ತಿಂಗಳು ಹೋಗತ್ತೆ, ನಿಮಗೆ ಏಳು ವರ್ಷಾನೇ ಹೋಗತ್ತೆ. ಲೆಕ್ಕದಲ್ಲಿ ನಾನೇ ಜಾಣೆ ಅಲ್ವಾ?" ಎಂದು ನಗಲು ಹೋದವಳು ಬಿಕ್ಕಿ ಬಿಕ್ಕಿ ಅತ್ತಳು. "ನೀವು ಬಾಯಿ ತೆಗೀತೀರೇನೋ ಅಂದ್ಕೊಂಡಿದ್ದೆ. ತೆಗೀಲಿಲ್ಲ ಅಲ್ವಾ. ಪರವಾಗಿಲ್ಲ ಬಿಡಿ."

ಆ 'ಪರವಾಗಿಲ್ಲ'ಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ವಾಸಿಯಿತ್ತು.

ಸಂಜೆ ಮನೆಗೆ ಬಂದು ದೊಡ್ಡಕ್ಕ ಒಂದೂ ಬಿಡದೆ ಗಂಡನಿಗೆ ಹೇಳಿದಳು. ಅವನು ಯಂತ್ರದ ಮುಂದೆ ಯಾರದೋ ಅಂಗಿಯ ಕಾಲರು ಹಿಡಿದು ಕೂತಿದ್ದ. ಅವಳಿಗೆ ಒಳಗೊಳಗೇ ಒಂದು ಆಸೆಯಿತ್ತು: 'ಹೋಗಿ ನಿಜ ಹೇಳು' ಎಂದು ಅವನು ಅನ್ನಲಿ, ತನ್ನ ಹೊರೆಯನ್ನು ಅವನ ಬಾಯಿ ಇಳಿಸಲಿ. ಅವನು ಕಾಲರಿನ ದಾರ ಕತ್ತರಿಸಿದ. ಆಮೇಲೆ, "ಬಾಯಿ ಮುಚ್ಕೊಂಡಿರು" ಎಂದ.

"ಏನಂದ್ರಿ?"

"ಆ ಹುಡುಗಿನೇ ಹೊತ್ಕೊಂಡಿದ್ದಾಳಲ್ಲ. ಚಿಕ್ಕ ವಯಸ್ಸು, ಎದ್ದು ನಿಂತ್ಕೋತಾಳೆ. ನಮ್ಮ ಕೈಲಿ ಇನ್ನೊಂದ್ಸಲ ಏಳಕ್ಕಾಗಲ್ಲ ಕಣೇ. ನನ್ನ ಕೈಲಿ ಆಗಲ್ಲ." ಅವನ ಕಣ್ಣಲ್ಲಿ ನೀರಿತ್ತು. ಒಂದು ತಮಾಷೆಯ ಮಾತೂ ಅವನಿಗೆ ಆ ಸಂಜೆ ಹೊಳೆಯಲಿಲ್ಲ. ದೊಡ್ಡಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಿತ್ತು. ತನ್ನ ಮನಸ್ಸಿನಲ್ಲಿದ್ದುದನ್ನೇ ಅವನು ಹೇಳಿದ್ದ, ಅದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಮರುದಿನ ಮೇಡಂ ಅವಳೊಬ್ಬಳನ್ನೇ ಕರೆದರು. ಮೇಜಿನ ಮೇಲೆ ಎರಡು ವಸ್ತು: ದೊಡ್ಡಕ್ಕನ ತರಬೇತಿಯ ಪುಸ್ತಕ, ಪಕ್ಕದಲ್ಲಿ ಗುಬ್ಬಿಯ ಹೆಸರಿನ ಒಂದು ಕಡತ. ಬಾಗಿಲು ಹಾಕಲು ಹೇಳಿದರು.

"ನಿನ್ನೆ ಸಂಜೆ ನಾನು ಮೇಲೆ ಹೋಗಿ ಆ ಅಜ್ಜಿ ಕೈ ನೋಡಿ ಬಂದೆ" ಎಂದರು ಮೇಡಂ. "ಎಡಗೈಯಲ್ಲಿ ಲೆಕ್ಕ ಇಲ್ಲದಷ್ಟು ತೂತು. ಬಲಗೈಯಲ್ಲಿ ಒಂದೇ ತೂತು. ಊದ್ಕೊಂಡಿರೋ ಕೈಗೆ ಒಂದೇ ತೂತು, ಸುತ್ತ ಒಂಚೂರು ಕಪ್ಪಾಗಿಲ್ಲ. ಇಂಜೆಕ್ಷನ್ ತಡಿ ಅಂತ ಲ್ಯಾಬಿಂದ ನಿನ್ನನ್ನ ಯಾರೂ ಮೇಲೆ ಕಳಿಸಿರ್ಲಿಲ್ಲ. ಆ ಹುಡುಗಿ ಚುಚ್ಚಿದ್ರೆ ಕೈ ಹಾಗಿರತ್ತೇನೇ? ಈ ಆಸ್ಪತ್ರೆಯಲ್ಲಿ ಹಾಗೆ ಚುಚ್ಚೋ ಕೈ ಒಂದೇ ಇರೋದು."

ಮೇಡಂ ದನಿ ಎತ್ತರಿಸಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ನಾನಿನ್ನೂ ಏನೂ ಕೇಳಿಲ್ಲ, ನೀನೂ ಏನೂ ಹೇಳಬೇಡ, ಮೊದಲು ಕೇಳಿಸ್ಕೋ. ನೀನೇ ಅಂತ ಹೇಳಿದ್ರೂ ಆ ಹುಡುಗಿಯ ಆರು ತಿಂಗಳು ಉಳಿಯಲ್ಲ. ತನ್ನ ನಂಬರಲ್ಲಿ ಬೇರೆಯವರ ಕೈಲಿ ಚುಚ್ಚಿಸಿದ್ದಕ್ಕೆ ಅವಳದೂ ರದ್ದಾಗತ್ತೆ. ಅವಳಿಗೆ ಇದ್ರಿಂದ ಒಂದು ದಿನವೂ ಲಾಭ ಇಲ್ಲ. ನೀನು ಮಾತ್ರ ಪೂರ್ತಿ ಹೋಗ್ತೀಯ. ಚೀಟಿ ಮೇಲೆ ಹದಿನಾಲ್ಕು ಇದೆ, ಅವಳೇ ಒಪ್ಕೊಂಡಿದ್ದಾಳೆ. ನನಗೆ ಅಷ್ಟು ಸಾಕು. ನಿನ್ನನ್ನ ಓದು ಅಂತ ಕಳಿಸಿದವಳು ನಾನು. ಈಗ ಹೇಳು, ಏನಾದ್ರೂ ಹೇಳೋದಿದ್ಯಾ? ಇಲ್ಲಾಂದ್ರೆ ನಿನ್ನ ಪುಸ್ತಕಕ್ಕೆ ಈ ತಿಂಗಳ ಸಹಿ ಹಾಕ್ತೀನಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. 'ಇಲ್ಲ ಮೇಡಂ.' ಎರಡೇ ಮಾತು. ಗಂಡ ಬೇಡವೆಂದಿದ್ದಾನೆ, ಗುಬ್ಬಿ ಪರವಾಗಿಲ್ಲವೆಂದಿದ್ದಾಳೆ, ಮೇಡಂ ದಾರಿ ಬಿಟ್ಟುಕೊಟ್ಟಿದ್ದಾರೆ. ಎಲ್ಲರೂ ಸೇರಿ ಅವಳನ್ನು ದಡಕ್ಕೆ ದೂಡುತ್ತಿದ್ದರು. ದೊಡ್ಡಕ್ಕ ಆ ಎರಡು ಮಾತನ್ನು ಬಾಯಿಯವರೆಗೆ ತಂದಳು. ತಂದವಳ ಕಣ್ಣು ಪಕ್ಕದ ಕಡತದ ಮೇಲೆ ಬಿತ್ತು. ತೆರೆದ ಪುಟದಲ್ಲಿ ಮೇಡಂ ಅವರದೇ ಅಕ್ಷರ: 'ರಕ್ತದ ಮಾದರಿಯನ್ನು ಕೆಡಿಸಿ ರೋಗಿಯ ಪ್ರಾಣಕ್ಕೆ ಅಪಾಯ ತಂದಿದ್ದಾರೆ.'

"ಇದು ಅವಳ ಕಡತದಲ್ಲೇ ಇರತ್ತಾ ಮೇಡಂ?"

"ಇರತ್ತೆ."

"ಎಷ್ಟು ದಿನ?"

"ದಿನ ಏನು ಬಂತು, ಎಲ್ಲಿ ಕೆಲಸಕ್ಕೆ ಹೋದ್ರೂ ಕಡತ ಕೇಳ್ತಾರೆ."

ದೊಡ್ಡಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ಗುಬ್ಬಿಗೆ ಇನ್ನೂ ಇಪ್ಪತ್ತೆರಡು. ಮೂವತ್ತಾಗುತ್ತದೆ, ನಲವತ್ತಾಗುತ್ತದೆ. ಪ್ರತಿ ಹೊಸ ಲ್ಯಾಬಿನಲ್ಲೂ ಯಾರೋ ಕನ್ನಡಕ ಏರಿಸಿಕೊಂಡು ಈ ಸಾಲು ಓದುತ್ತಾರೆ. ಓದಿ ಅವಳ ಪುಟ್ಟ ಮುಖ ನೋಡುತ್ತಾರೆ. ಅಜ್ಜಿಯನ್ನು ಕಣ್ಣಲ್ಲೂ ಕಾಣದವಳು ಪ್ರತಿ ಸಲವೂ 'ಹೌದು, ನಾನೇ' ಎನ್ನಬೇಕು.

"ಆ ತೂತು ನಂದು ಮೇಡಂ" ಎಂದಳು. "ಸುರಿದವಳೂ ನಾನೇ. ಆ ಸಾಲು ನನ್ನ ಹೆಸರಿಗೆ ಬರೀರಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಕಿಟಕಿಯ ಕಡೆ ತಿರುಗಿ ಕೂತರು. "ಹೋಗು ಹೊರಗೆ" ಎಂದರು, ಬೈದ ಹಾಗೆ.

ಮುಂದಿನದೆಲ್ಲ ಕಾಗದದ ಕೆಲಸ. ವಿಶ್ವವಿದ್ಯಾಲಯದಿಂದ ಮೂರು ಜನ ಬಂದು ವಿಚಾರಣೆ ಮಾಡಿದರು. ಒಬ್ಬರು ಅವಳ ವಯಸ್ಸು ಕೇಳಿ ಚ್ಚು ಚ್ಚು ಎಂದರು. ಹದಿನೈದು ದಿನದಲ್ಲಿ ಹೆಸರು ತೆಗೆದ ಪತ್ರ ಬಂತು. ಗಂಡ ಅದನ್ನು ಕೂಡಿಸಿಕೊಂಡು ಓದಿ, ಮಡಿಚಿ, ಯಂತ್ರದ ಡ್ರಾಯರಿನಲ್ಲಿಟ್ಟ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೇ ದಿನ ಅವಳ ಪಕ್ಕದಲ್ಲಿ ಕೂತು, "ನಾನು ಹಾಗೆ ಹೇಳಬಾರದಿತ್ತು" ಎಂದ. ಅವಳು "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು.

ಗುಬ್ಬಿಯ ಆರು ತಿಂಗಳು ಮೇಡಂ ಹೇಳಿದಂತೆಯೇ ಹೋಯಿತು. ಆ ಸಾಲು ಮಾತ್ರ ಅವಳ ಕಡತದಿಂದ ಹೋಯಿತು. ಗುರುತಿನ ಚೀಟಿ ವಾಪಸು ಕೊಡಲು ದೊಡ್ಡಕ್ಕ ಆಸ್ಪತ್ರೆಗೆ ಹೋದ ದಿನ ಗುಬ್ಬಿ ಅವಳನ್ನು ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲೇ ತಡೆದಳು. ಮಧ್ಯಾಹ್ನದ ಬಿಡುವು, ಒಳಗೆ ಯಾರೂ ಇರಲಿಲ್ಲ.

"ನಿಮಗೆ ಬುದ್ಧಿ ಇದ್ಯಾ ದೊಡ್ಡಕ್ಕ? ನಾನು ಹೊತ್ಕೊಂಡಿದ್ನಲ್ಲ! ನಿಮ್ಮನ್ನ ಯಾರು ಕೇಳಿದ್ರು? ಈಗ ನಂಗೂ ಇಲ್ಲ, ನಿಮಗೂ ಇಲ್ಲ!" ಹುಡುಗಿ ಕೈಯೆತ್ತಿ ಜಗಳಕ್ಕೆ ನಿಂತಿದ್ದಳು. ಎತ್ತಿದ ಕೈ ನಡುಗುತ್ತಿತ್ತು.

ದೊಡ್ಡಕ್ಕ ಆ ಕೈಯನ್ನೇ ನೋಡಿದಳು. ಇನ್ನು ಮುಂದೆ ಇದೇ ಕೈ ಇನ್ನೂರು ಜನರನ್ನು ಚುಚ್ಚಬೇಕು, ಈ ಸಲ ಅದರ ಬದಲು ಚುಚ್ಚಲು ಯಾರೂ ಇರುವುದಿಲ್ಲ. ಹತ್ತು ತಿಂಗಳು ಇದರ ಪಕ್ಕದಲ್ಲೇ ನಿಂತು ತಾನು ಏನು ಕಲಿಸಿದೆ? ಏನೂ ಇಲ್ಲ. ಅವಳು ಸ್ಟೂಲಿನ ಮೇಲೆ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿದಳು.

"ಬಾ. ಚುಚ್ಚು."

"ಏನು?"

"ಸೂಜಿ ತಗೋ. ತೋಳಿಗೆ ಪಟ್ಟಿ ಬಿಗಿ. ಬೆರಳಿಟ್ಟು ನೋಡು, ಕಣ್ಣಲ್ಲಿ ಹುಡುಕಬೇಡ."

ಗುಬ್ಬಿ ಆಗಲ್ಲ ಎಂದಳು, ಅತ್ತಳು, ಆಮೇಲೆ ಸೂಜಿ ತೆಗೆದುಕೊಂಡಳು. ಮೊದಲ ಸಲ ನರದ ಪಕ್ಕಕ್ಕೆ ಹೋಯಿತು. ಎರಡನೇ ಸಲ ಸೂಜಿ ನರವನ್ನು ಆರಪಾರ ದಾಟಿ, ಚರ್ಮದ ಕೆಳಗೆ ನೀಲಿ ಗಂಟು ಎದ್ದಿತು. ಮೇಡಂ ಬಾಗಿಲವರೆಗೆ ಬಂದರು. ನೋಡಿದರು. ಸದ್ದು ಮಾಡದೆ ಬಾಗಿಲೆಳೆದುಕೊಂಡು ಹೋದರು. ಮೂರನೇ ಸಲವೂ ರಕ್ತ ಬರಲಿಲ್ಲ. ದೊಡ್ಡಕ್ಕನ ಹಣೆಯಲ್ಲಿ ಬೆವರು ಒಡೆದಿತ್ತು.

"ನೋವಾಯ್ತಾ ದೊಡ್ಡಕ್ಕ?"

"ಆಯ್ತು" ಎಂದಳು ದೊಡ್ಡಕ್ಕ. "ಹೊಸ ಸೂಜಿ ತಗೋ. ಇನ್ನೊಂದ್ಸಲ ಚುಚ್ಚು."